ಬೋರ್ಡಿನ ಕೆಳಗಿನ ಅರ್ಧ

ಅಕ್ಕೋರು ನೌಕರಿ ಬಿಟ್ಟ ದಿನ ಶಾಲೆಯಲ್ಲಿ ಒಂದು ಸಣ್ಣ ಸಮಾರಂಭ ಇಟ್ಟಿದ್ದೆವು. ನಿವೃತ್ತಿಗೆ ಇನ್ನೂ ಎಷ್ಟೋ ವರ್ಷ ಇತ್ತು. ಅವರೇ ಅರ್ಜಿ ಕೊಟ್ಟು ಬಿಟ್ಟದ್ದು. ಹೆಡ್ ಮಾಸ್ತರರು ಶಾಲು ಬಿಡಿಸಿಕೊಂಡು ಹೊದಿಸಲು ಹತ್ತಿರ ಬಂದಾಗ ಅಕ್ಕೋರು ಎರಡೂ ಕೈ ಮುಂದೆ ಚಾಚಿದರು.

"ಸರ್, ಹೊದಸಬ್ಯಾಡ್ರಿ. ಕೈಯಾಗ ಕೊಡ್ರಿ."

ಮಕ್ಕಳೆಲ್ಲ ನೋಡುತ್ತ ಕೂತಿದ್ದರು. ಹೆಡ್ ಮಾಸ್ತರರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಫೋಟೋ ತೆಗೆಯಲು ನಿಂತಿದ್ದ ಡ್ರಾಯಿಂಗ್ ಸರ್, "ಬರೇ ಫೋಟೋದ ಪೂರ್ತೇಕ ಹೆಗಲ ಮ್ಯಾಲ ಇಡ್ರಿ, ಆಮ್ಯಾಲ ತಗದ್ರಾತು" ಎಂದರು. ಅಕ್ಕೋರು ಒಪ್ಪಿದರು. ಆ ಫೋಟೋ ನನ್ನ ಮೊಬೈಲಿನಲ್ಲಿದೆ. ಅದರಲ್ಲಿ ಅವರು ನಕ್ಕಿದ್ದಾರೆ. ಒಂದು ಉಣ್ಣೆಯ ಶಾಲು ಹೆಗಲಿಗೆ ತಾಗಿದರೆ ಅವರಿಗೆ ಏನಾಗುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ ಅದು ಹಲ್ಲು ಕಚ್ಚಿ ನಕ್ಕ ನಗು ಎಂದು ತಿಳಿಯುತ್ತದೆ.

ಭಾಷಣದಲ್ಲಿ ಹೆಡ್ ಮಾಸ್ತರರು "ಅನಾರೋಗ್ಯದ ಕಾರಣ" ಎಂದಷ್ಟೇ ಹೇಳಿದರು. ಯಾವ ಅನಾರೋಗ್ಯ ಎಂದು ಅವರು ಹೇಳಲಿಲ್ಲ. ಅವರಿಗೆ ಆ ಹೆಸರು ಕೊನೆಯವರೆಗೂ ಬಾಯಿಗೆ ಬರಲಿಲ್ಲ.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ಗುಂಜಿಯ ಕಡೆಯ ನಮ್ಮ ಪ್ರೌಢಶಾಲೆಯಲ್ಲಿ ನನಗೆ ಕನ್ನಡ ಅಕ್ಕೋರು ಎನ್ನುತ್ತಿದ್ದರು, ಇನ್ನೊಬ್ಬರಿಗೆ ಹಿಂದಿ ಅಕ್ಕೋರು. ಬರೀ ಅಕ್ಕೋರು ಎಂದರೆ ಮಾತ್ರ ಗಣಿತ ಕಲಿಸುವ ಇವರು. ಬೆಳಗಾವಿಯ ಖಾಸಬಾಗದಲ್ಲಿ ಮನೆ. ಹಳೆಯ ಜೈನ ಮನೆತನ. ಗಂಡನದು ಬಟ್ಟೆ ಅಂಗಡಿ, ಒಬ್ಬ ಮಗಳು ಸಾಂಗಲಿಗೆ ಮದುವೆಯಾಗಿ ಹೋಗಿದ್ದಳು, ಮನೆಯಲ್ಲಿ ವಯಸ್ಸಾದ ಅತ್ತೆ.

ನಾನು ಅವರನ್ನು ಮೊದಲು ನೋಡಿದ್ದು ರೈಲಿನಲ್ಲಿ. ನನ್ನದು ಬೆಳಗಾವಿಯಿಂದ ಗುಂಜಿಗೆ ಬರುವ ರೈಲುದಾರಿಯಲ್ಲಿರುವ ದೇಸೂರ. ಹೊಸದಾಗಿ ನೌಕರಿ ಸಿಕ್ಕಿತ್ತು. ಮೊದಲ ದಿನ ಮುಂಜಾನೆಯ ಪ್ಯಾಸೆಂಜರ್ ಹತ್ತಿದಾಗ, ಅರ್ಧ ಡಬ್ಬಿ ಖಾಲಿ ಇದ್ದರೂ ಬಾಗಿಲ ಬಳಿ ಒಬ್ಬ ಹೆಂಗಸು ಕಂಬಕ್ಕೆ ಆತು ನಿಂತಿದ್ದರು. ತೆಳುವಾದ ಹತ್ತಿ ಸೀರೆ, ಕೈಯಲ್ಲಿ ಒಂದೇ ಬಳೆ. ಹಿರಿಯರು ನಿಂತಿದ್ದಾರಲ್ಲ ಎಂದು ನಾನು, "ಕುಂದರ್ರಿ, ಜಾಗಾ ಐತಿ" ಎಂದೆ.

"ಈಗ ತನಕಾ ಕುಂತ ಬಂದೇನವಾ. ದೇಸೂರ ತನಕಾ ಕುಂದರೂದು, ಖಾನಾಪುರ ತನಕಾ ನಿಂದರೂದು, ಮುಂದ ಗುಂಜಿ ತನಕಾ ಮತ್ತ ಕುಂದರೂದು" ಎಂದು ನಕ್ಕರು. "ಒಂದ ಕಡೆ ಭಾಳ ಹೊತ್ತ ಇದ್ದರ ಮೈ ಸಿಟ್ಟ ಮಾಡತೈತಿ."

ಅದು ತಮಾಷೆಯ ಮಾತು ಎಂದುಕೊಂಡೆ. ರೈಲಿನಲ್ಲಿ ಬರುವ ಉಳಿದ ಮಾಸ್ತರರು, ಟೀಚರುಗಳು ಅದನ್ನು ಸೊಕ್ಕು ಎಂದುಕೊಂಡಿದ್ದರು. ಅವರ ಬಾಜು ಕೂತರೆ ಎದ್ದು ನಿಲ್ಲುತ್ತಾರೆ, ಮಾತಿನ ನಡುವೆ ಹೆಂಗಸರು ಬೆನ್ನು ತಟ್ಟಿದರೂ ಸರಿದು ಹೋಗುತ್ತಾರೆ, ಡಬ್ಬಿ ತುಂಬಿದ ದಿನ ಯಾರ ಮೈಗೂ ಮೈ ತಾಗದಂತೆ ಬಾಗಿಲಲ್ಲಿ ಮುದುಡಿ ನಿಲ್ಲುತ್ತಾರೆ. ಸೊಕ್ಕು ಎನ್ನಲು ಅಷ್ಟು ಸಾಕಾಗಿತ್ತು.

ತರಗತಿಯಲ್ಲಿ ಅವರು ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತಿದ್ದರು. ಮೇಲಿನ ಅರ್ಧ ವರ್ಷವಿಡೀ ಖಾಲಿ. ಬಲಗೈ ಮೇಲೆ ಏಳುತ್ತಿರಲಿಲ್ಲ ಎಂದರೆ ತಪ್ಪಾದೀತು. ಎತ್ತಿದರೆ ಏಳುತ್ತಿತ್ತು. ಎತ್ತಿದ್ದಕ್ಕೆ ಮರುದಿನ, ಅದರ ಮರುದಿನ ಹಾಸಿಗೆಯಲ್ಲಿ ಬಿದ್ದು ಬೆಲೆ ತೆರಬೇಕಾಗುತ್ತಿತ್ತು. ಹಿಂದಿನ ಬೆಂಚಿನ ಮಕ್ಕಳಿಗೆ ಕಾಣುವುದಿಲ್ಲ ಎಂದು ಹೆಡ್ ಮಾಸ್ತರರು ಒಮ್ಮೆ ಹೇಳಿದರು. "ಹೌದ್ರಿ ಸರ್. ಅದಕ್ಕ ದಿನಾ ಬೆಂಚ ತಿರಗಸ್ತೀನಿ. ಯಾರೂ ಖಾಯಂ ಹಿಂದಿನವರು ಅಲ್ಲ" ಎಂದರು ಅಕ್ಕೋರು. ಖರೆ, ಅವರ ತರಗತಿಯಲ್ಲಿ ಮುಂದಿನ ಬೆಂಚು ಹಿಂದಿನ ಬೆಂಚು ಎಂಬ ಜಾತಿಗಳೇ ಇರಲಿಲ್ಲ. ಬರೀ ಕಾಯಿಲೆಯಿಂದ ಹುಟ್ಟಿದ ಆ ಪದ್ಧತಿಯನ್ನು ಆಮೇಲೆ ನಾನೂ ಹಿಡಿದೆ.

ನೋವು ಯಾವಾಗ ಶುರುವಾಯಿತು ಎಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೊದಲು ಕತ್ತು, ಆಮೇಲೆ ಹೆಗಲು, ಸೊಂಟ, ತೊಡೆ, ಕೊನೆಗೆ ಇಲ್ಲಿ ಎಂದು ಬೆರಳಿಟ್ಟು ತೋರಿಸಲಾಗದ ಹಾಗೆ ಎಲ್ಲ ಕಡೆ. ನಾವಿಬ್ಬರೂ ಸಲುಗೆಯವರಾದ ಮೇಲೆ ಒಂದು ದಿನ, ಹೇಗಿರುತ್ತದೆ ಅದು ಎಂದು ಕೇಳಿದೆ.

"ಜ್ವರಾ ಬಂದು ಇಳದ ಮರುದಿನ ಮೈ ಹ್ಯಾಂಗ ಇರತೈತಿ?"

"ಎಲ್ಲಾ ಹಿಂಡಿ ಹಾಕಿದಂಗ ಇರತೈತ್ರಿ."

"ಹಾಂ. ಆ ಮರುದಿನ ಮುಗಿಯೂದ ಇಲ್ಲ. ಅಷ್ಟ."

ಅವರು ಎಲ್ಲ ಕಡೆ ತೋರಿಸಿದ್ದರು. ಎಲುಬಿನ ಡಾಕ್ಟರು, ನರದ ಡಾಕ್ಟರು, ರಕ್ತ, ಎಕ್ಸ್‌ರೇ, ದೊಡ್ಡ ಯಂತ್ರದೊಳಗೆ ಮಲಗಿಸಿ ತೆಗೆಯುವ ಸ್ಕ್ಯಾನ್. ಪ್ರತಿ ಸಲ ಕಾಗದ ನೋಡಿ "ಎಲ್ಲಾ ನಾರ್ಮಲ್ ಐತ್ರಿ" ಎಂದು ಹೇಳಿ, ನಕ್ಕು, ಕಳಿಸುತ್ತಿದ್ದರಂತೆ. ಮನೆಗೆ ಬಂದು ನಾರ್ಮಲ್ ಎಂದು ಹೇಳಿದರೆ ಅತ್ತೆ, "ಹಂಗಾರ ಛಲೋ ಆತಲ್ಲ" ಎಂದು ಹಿಟ್ಟು ನಾದುವ ಪರಾತ ಮುಂದೆ ಸರಿಸುತ್ತಿದ್ದರು. ಏನಾದರೂ ಒಂದು ಕೆಟ್ಟದ್ದು ಸಿಗಲಿ ಎಂದು ಬೇಡಿಕೊಳ್ಳುವ ಹಂತಕ್ಕೆ ಬಂದಿದ್ದೆ ಎಂದು ಅವರೇ ಹೇಳಿದ್ದರು. ಹೇಳಿದ ಕೂಡಲೇ ಬಾಯಿಗೆ ಸೆರಗು ಹಿಡಿದು, "ಹಂಗ ಅನಬಾರದು" ಎಂದರು.

ರೈಲಿನಲ್ಲಿ ಔಷಧ ಹೇಳದವರಿರಲಿಲ್ಲ. ಒಬ್ಬರು ತಾಮ್ರದ ಕಡಗ, ಒಬ್ಬರು ಮೆಂತ್ಯ, ಒಬ್ಬರು ಎಳ್ಳೆಣ್ಣೆ. ಅಕ್ಕೋರು ಎಲ್ಲವನ್ನೂ ಮಾಡಿ ನೋಡಿದರು. ಖಾನಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬಾಕೆ ಮೈ ತಿಕ್ಕುತ್ತಾಳೆ, ಎದ್ದು ಓಡಾಡುವ ಹಾಗೆ ಮಾಡುತ್ತಾಳೆ ಎಂದು ಯಾರೋ ಹೇಳಿದರು. ಜೊತೆಗೆ ನಾನೇ ಹೋಗಿದ್ದೆ. ಆಕೆ ಒಳ್ಳೆಯ ಹೆಂಗಸು. ಬಿಸಿ ಎಣ್ಣೆ ಹಚ್ಚಿ, ಕೈಯ ಪೂರ್ತಿ ಬಲ ಹಾಕಿ ತಿಕ್ಕಿದಳು. ಅಕ್ಕೋರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮುಗಿದ ಮೇಲೆ ಆಕೆ, "ಒಂದ ಸಲಾನೂ ಅಯ್ಯೋ ಅನಲಿಲ್ಲ, ಗಟ್ಟಿ ಜೀವ" ಎಂದು ಹೊಗಳಿದಳು. ಅದಾದ ಮೇಲೆ ಅಕ್ಕೋರು ಶಾಲೆಗೆ ಬಂದದ್ದು ಮುಂದಿನ ವಾರ. "ಪಾಪ, ಆಕಿಗೇನ ಗೊತ್ತು" ಎಂದಷ್ಟೇ ಅಂದರು.

ಹೆಸರು ಸಿಕ್ಕಿದ್ದು ಬೆಳಗಾವಿಯ ಒಬ್ಬ ವಯಸ್ಸಾದ ಡಾಕ್ಟರರ ಹತ್ತಿರ. ಅವರು ಕಾಗದಗಳನ್ನು ಪಕ್ಕಕ್ಕಿಟ್ಟು, ಮೊದಲು ಕೇಳಿದ ಪ್ರಶ್ನೆ, "ನಿದ್ದಿ ಹ್ಯಾಂಗ ಬರತೈತಿ?" ಎಂದು. ಅಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲವಂತೆ. ಬೆಳಿಗ್ಗೆ ಎದ್ದಾಗ ಮಲಗುವ ಮೊದಲಿಗಿಂತ ಹೆಚ್ಚು ದಣಿದಿರುತ್ತೇನೆ ಎಂದು ಹೇಳುವಾಗ ಅಕ್ಕೋರು ಅತ್ತುಬಿಟ್ಟರು. ಡಾಕ್ಟರು ಕತ್ತಿನ ಹಿಂದೆ, ಹೆಗಲಿಗೆ, ಮೊಳಕೈ ಹತ್ತಿರ, ಮೊಣಕಾಲ ಒಳಬದಿಗೆ ಮೆಲ್ಲಗೆ ಒತ್ತಿ ನೋಡಿದರು. ಇದು ಫೈಬ್ರೊಮಯಾಲ್ಜಿಯ ಎಂದರು.

ಮರುದಿನ ರೈಲಿನಲ್ಲಿ ಅಕ್ಕೋರು ನಾನು ಹತ್ತುವುದನ್ನೇ ಕಾಯುತ್ತ ಬಾಗಿಲಲ್ಲಿ ನಿಂತಿದ್ದರು.

"ತಂಗಿ, ಅದಕ್ಕೊಂದ ಹೆಸರ ಐತಿ!"

ಮೊಮ್ಮಗು ಹುಟ್ಟಿದ ಸುದ್ದಿ ಹೇಳುವ ಹಾಗೆ ಹೇಳಿದರು. ಶಾಲೆಗೆ ಬಂದು ಹೆಡ್ ಮಾಸ್ತರರಿಗೂ ಹೇಳಿದರು. ಅವರು ನಾಲ್ಕಾರು ಸಲ ಪ್ರಯತ್ನ ಮಾಡಿ, "ಇರಲಿ, ಮೈಕೈ ನೋವು ಅಂತ ಬರಕೊಳ್ಳೂಣು" ಎಂದರು. ಅಕ್ಕೋರಿಗೆ ಆ ದಿನ ಅದಕ್ಕೂ ಬೇಸರವಾಗಲಿಲ್ಲ.

ಡಾಕ್ಟರು ಮುಚ್ಚುಮರೆ ಮಾಡದೆ ಹೇಳಿದ್ದರು. "ಇದಕ್ಕ ಇದ ಔಷಧ ಅಂತ ಒಂದ ಇಲ್ಲರಿ. ಒಂದಿಷ್ಟ ಗುಳಿಗಿ, ಒಂದಿಷ್ಟ ವ್ಯಾಯಾಮ, ಬಿಸಿನೀರು, ಮಾತಾಡಿ ಮನಸ್ಸ ಹಗರ ಮಾಡಕೊಳ್ಳೂದು, ಕೆಲಸ ತುಂಡ ತುಂಡ ಮಾಡಿ ನಡುವ ದಣಿವು ಆರಿಸ್ಕೊಳ್ಳೂದು. ಎಲ್ಲಾ ಕೂಡಿಸೇ ಮಾಡಬೇಕು, ಒಂದ ಬಿಟ್ಟರ ಉಳದದ್ದು ಹಿಡಿಯಂಗಿಲ್ಲ. ಕೂಡಿಸಿದ ಮ್ಯಾಲೂ ಪೂರಾ ಹೋಗತೈತಿ ಅಂತ ನಾ ಹೇಳಂಗಿಲ್ಲ."

ಅಕ್ಕೋರು ಇದನ್ನು ನನಗೆ ತಮ್ಮ ಭಾಷೆಯಲ್ಲಿ ಹೇಳಿದರು. "ಎಲ್ಲಾ ಭಿನ್ನರಾಶಿ ತಂಗಿ. ಎಷ್ಟ ಕೂಡಿಸಿದರೂ ಪೂರ್ಣಾಂಕ ಆಗಂಗಿಲ್ಲ ಅಂತ ಮೊದಲ ಹೇಳ್ಯಾರ. ಆದರೂ ಕೂಡಿಸೂದ ಬಿಡಾಕ ಆಗತೈತಿ ಏನು?"

ತೊಡಕು ಗುಳಿಗೆಯಿಂದಲೇ ಶುರುವಾಯಿತು. ಅದನ್ನು ಮಲಗುವ ಹೊತ್ತಿಗೆ ನೀರು ಕುಡಿದು ನುಂಗಬೇಕು. ಅಕ್ಕೋರು ಹುಡುಗಿಯಾಗಿದ್ದಾಗಿನಿಂದ ಹೊತ್ತು ಮುಳುಗಿದ ಮೇಲೆ ಅನ್ನ ನೀರು ಮುಟ್ಟದ ನೇಮದವರು. ಬಾಣಂತನದಲ್ಲೂ ಬಿಟ್ಟಿರಲಿಲ್ಲ. ಹೀಗಾಗಿ ಮೊದಮೊದಲು ಸಂಜೆ ವಾಪಸು ಬರುವಾಗ ರೈಲಿನಲ್ಲೇ, ಸೂರ್ಯ ಇನ್ನೂ ಕಾಣುವಾಗಲೇ ನುಂಗಿಬಿಡುತ್ತಿದ್ದರು. ಖಾಸಬಾಗದ ಮನೆ ಮುಟ್ಟುವ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಒಮ್ಮೆ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಕೈ ಸುಟ್ಟುಕೊಂಡರು. ಬೆಳಗಿನ ಜಾವಕ್ಕೆ ಬೇಗ ಎಚ್ಚರ, ಮತ್ತೆ ನೋವು. ಡಾಕ್ಟರು, ಹೊತ್ತು ತಪ್ಪಿಸಿ ತೆಗೆದುಕೊಂಡರೆ ತೆಗೆದುಕೊಳ್ಳದ ಹಾಗೇ ಎಂದರು.

ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಗಂಡ, "ನಿನ್ನ ಮೈ, ನಿನ್ನ ನೇಮ. ನೀನ ನೋಡು" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು ಎಂದರು ಅಕ್ಕೋರು. ಆ ವರ್ಷ ಚಾತುರ್ಮಾಸಕ್ಕೆ ಊರಲ್ಲಿ ಮುನಿಗಳೊಬ್ಬರು ತಂಗಿದ್ದರು. ಅಕ್ಕೋರು ಹೋಗಿ ಕೇಳಿದರು. ಮುನಿಗಳು ಕಾಯಿಲೆಯ ವಿಷಯವನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡು, ರೋಗಿಗೆ ಔಷಧದ ಮಟ್ಟಿಗೆ ವಿನಾಯಿತಿ ಉಂಟು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಕಳಿಸಿದರು.

"ಹಂಗಾರ ಮುಗೀತಲ್ಲರಿ ಅಕ್ಕೋರ" ಎಂದೆ ನಾನು.

"ಅವರು ಕ್ಷಮಾ ಮಾಡಿದ್ರು. ನನಗ ಮಾಡಾಕ ಆಗವಲ್ದು." ರೈಲು ದೇಸೂರ ದಾಟುತ್ತಿತ್ತು. ನಾನು ಆ ದಿನ ಅವರ ಜೊತೆ ಬೆಳಗಾವಿಗೇ ಹೊರಟಿದ್ದೆ. "ಈ ಮೈಯಾಗ ನಾ ಹೇಳಿದಂಗ ಕೇಳತಿದ್ದದ್ದು ಅದೊಂದ ಉಳದಿತ್ತು ತಂಗಿ. ಹೆಗಲ ಕೇಳಂಗಿಲ್ಲ, ಕಾಲ ಕೇಳಂಗಿಲ್ಲ. ಬಾಯಿ ಕೇಳತಿತ್ತು."

ಆದರೂ ರಾತ್ರಿ ಗುಳಿಗೆ ನುಂಗಲು ಶುರುಮಾಡಿದರು. ಅಂದಿನಿಂದ ಸಂಜೆಯ ಜಪಕ್ಕೆ ಅತ್ತೆಯ ಬಾಜು ಕೂರುವುದನ್ನು ಬಿಟ್ಟರು. ಯಾರೂ ಏಳು ಎಂದಿರಲಿಲ್ಲ. ತಾವೇ ಬಾಗಿಲ ಹತ್ತಿರ ಬೇರೆ ಚಾಪೆ ಹಾಕಿಕೊಂಡರು.

ಮಾತಿನ ಚಿಕಿತ್ಸೆಗೆ ಹೋಗು ಎಂದಾಗ ಸಿಟ್ಟು ಬಂದಿತ್ತು. "ತಲಿ ಕೆಟ್ಟಾಕಿ ಅಂತ ಆತು ಹಂಗಾರ" ಎಂದು ಎರಡು ತಿಂಗಳು ದೂಡಿದರು. ಹೋದ ಮೇಲೆ ಆ ಕೌನ್ಸೆಲರ್ ಹುಡುಗಿ ಅವರಿಗೆ ಹಿಡಿಸಿದಳು. ತಮ್ಮ ಮಗಳ ವಯಸ್ಸಿನವಳು. ಅವಳು ಕಲಿಸಿದ್ದು ಒಂದೇ ಮಾತು: ಮೈ ಹಗುರಾಗಿದೆ ಎನಿಸಿದ ದಿನ ಬಾಕಿ ಕೆಲಸವನ್ನೆಲ್ಲ ಎಳೆದುಕೊಳ್ಳಬೇಡಿ. ಅಕ್ಕೋರು ಅದನ್ನು ಕಷ್ಟಪಟ್ಟು ಕಲಿತರು. ಉತ್ತರ ಪತ್ರಿಕೆಗಳ ಕಟ್ಟಿನಲ್ಲಿ ಕೆಲವನ್ನು ತಿದ್ದಿ, ಪೆನ್ನು ಮುಚ್ಚಿ, ಕಣ್ಣು ಮುಚ್ಚಿ ಕೂರುವರು. ಸ್ಟಾಫ್ ರೂಮಿನಲ್ಲಿ ಅದಕ್ಕೂ ನಗುತ್ತಿದ್ದರು. ಅಕ್ಕೋರು ಕಣ್ಣು ಮುಚ್ಚಿಕೊಂಡೇ, "ನಗ್ರಿ ನಗ್ರಿ, ಇದೂ ಔಷಧ ನಡದೈತಿ" ಎನ್ನುತ್ತಿದ್ದರು.

ನೀರು ಮಾತ್ರ ಅವರಿಗೆ ಮೊದಲ ದಿನವೇ ಒಗ್ಗಿತು. ಬೆಳಗಾವಿಯಲ್ಲಿ ಒಂದು ಫಿಜಿಯೋಥೆರಪಿ ಕೇಂದ್ರದಲ್ಲಿ ಬೆಚ್ಚಗಿನ ನೀರಿನ ಸಣ್ಣ ಕೊಳ ಇತ್ತು. ಭಾನುವಾರ ಹೆಂಗಸರಿಗೆ ಬಿಡುತ್ತಿದ್ದರು. ಎದೆಮಟ್ಟ ನೀರಿನಲ್ಲಿ ನಿಂತು ಕೈಕಾಲು ಆಡಿಸುವುದು. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದರು. ಹಳೆಯ ಚೂಡಿದಾರ ಹಾಕಿಕೊಂಡು ಮೆಟ್ಟಿಲು ಹಿಡಿದು ಇಳಿದರು. ನೀರು ಹೆಗಲು ಮುಟ್ಟಿದಾಗ ಅವರ ಮುಖ ಬದಲಾಯಿತು. ಹಣೆಯ ಮೇಲೆ ಎರಡು ಗೆರೆ ಸದಾ ಇರುತ್ತಿದ್ದವು. ಅವು ಹುಟ್ಟಿನಿಂದ ಬಂದವು ಎಂದುಕೊಂಡಿದ್ದೆ. ಅವು ಹೋದವು. ಎಷ್ಟು ಚಂದ ಇದ್ದಾರೆ ಇವರು ಎಂದು ಆಗ ಗೊತ್ತಾಯಿತು.

ಎಲ್ಲವೂ ಕೂಡಿ ಬಂದದ್ದು ಒಂದೇ ಒಂದು ಚಳಿಗಾಲ. ಗುಳಿಗೆ, ನೀರು, ಆ ಹುಡುಗಿಯ ಮಾತು, ಮುಂಜಾನೆ ಮನೆಯ ಮುಂದಿನ ಓಣಿಯಲ್ಲಿ ದಿನದಿನಕ್ಕೆ ಇಷ್ಟಿಷ್ಟೇ ಹೆಚ್ಚಿಸಿಕೊಂಡ ನಡಿಗೆ. ಗುಂಜಿ ಸ್ಟೇಷನ್ನಿನಿಂದ ಶಾಲೆಯವರೆಗೆ ನಡುವೆ ನಿಲ್ಲದೆ ನನ್ನ ಜೊತೆ ಮಾತಾಡುತ್ತ ನಡೆದರು. ಕಾಡಿನ ಅಂಚಿನ ಆ ದಾರಿಯಲ್ಲಿ ಮಂಜು ಇರುತ್ತಿತ್ತು. ಹತ್ತನೇ ತರಗತಿಯ ಮಕ್ಕಳು ಒಂದು ದಿನ ಓಡಿ ಬಂದು, "ಅಕ್ಕೋರು ಮ್ಯಾಲ ಬರದ್ರು, ಬೋರ್ಡಿನ ಮ್ಯಾಲ ಬರದ್ರು!" ಎಂದು ನನಗೆ ಹೇಳಿದರು. ನಾನು ಹೋಗಿ ನೋಡಿದೆ. ಪೈಥಾಗೊರಸನ ತ್ರಿಕೋನ ಬೋರ್ಡಿನ ತುದಿಗೆ ತಾಗಿತ್ತು.

"ಗುಣ ಆದ್ರಲ್ಲರಿ ಅಕ್ಕೋರ" ಎಂದೆ.

"ಗುಣ ಅಲ್ಲವಾ. ಹಿಡಕೊಂಡ ನಿಂತೇನಿ. ಕೈ ಬಿಡಲಿಲ್ಲಂದ್ರ ನಿಂತಿರ್ತೀನಿ."

ಕೈ ಬಿಡುವ ಹೊತ್ತು ಬೇಸಿಗೆಗೆ ಬಂತು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಎತ್ತಿ ಕೂರಿಸಬೇಕು, ಮಗ್ಗುಲು ಮಾಡಿಸಬೇಕು, ಬಟ್ಟೆ ಬದಲಿಸಬೇಕು. ಹಗಲು ಒಬ್ಬಾಕೆಯನ್ನು ಇಟ್ಟರು. ಆದರೆ ಮುದುಕಿಗೆ ಹೊರಗಿನವರು ಮೈ ಮುಟ್ಟುವುದು ಒಪ್ಪಿಗೆಯಾಗಲಿಲ್ಲ. ಅಕ್ಕೋರು ರಜೆ ಹಾಕಿದರು. ಕೊಳಕ್ಕೆ ಹೋಗುವುದು ನಿಂತಿತು, ನಡಿಗೆ ನಿಂತಿತು, ರಾತ್ರಿ ಎದ್ದೆದ್ದು ನೋಡಬೇಕಾದ್ದರಿಂದ ಗುಳಿಗೆಯೂ ನಿಂತಿತು. ಒಂದೊಂದಾಗಿ ಕಟ್ಟಿದ್ದೆಲ್ಲ ಒಟ್ಟಿಗೆ ಬಿತ್ತು.

ನಾನು ನೋಡಲು ಹೋದಾಗ ಎಕ್ಸ್‌ರೇ ಫಿಲ್ಮು ಮುದುಕಿಯ ದಿಂಬಿನ ಕೆಳಗಿತ್ತು. ಬಂದವರಿಗೆಲ್ಲ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಿದ್ದರು. ನನಗೂ ತೋರಿಸಿದರು. ಆಮೇಲೆ ಸೊಸೆಯನ್ನು ಹತ್ತಿರ ಕರೆದು, ನನ್ನೆದುರಿಗೇ ಹೇಳಿದರು.

"ನನ್ನ ಬ್ಯಾನಿ ಫೋಟೋದಾಗ ಬಂದೈತಿ, ಓಣಿ ಮಂದಿ ಎಲ್ಲಾ ನೋಡಿ ಅಯ್ಯೋ ಅಂದ ಹೋಗತಾರ. ನಿಂದ ಯಾರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ. ಇಷ್ಟ ವರ್ಷಾ ಹ್ಯಾಂಗ ತಡಕೊಂಡಿ ಮಗಳ?"

ಅಕ್ಕೋರು ನೀರಿನ ತಂಬಿಗೆ ಎತ್ತಿಕೊಂಡು ಒಳಗೆ ಹೋದರು. ನಾನು ಹೊರಡುವಾಗ ಬಾಗಿಲವರೆಗೆ ಬಂದು, "ಈ ಮಾತ ಕೇಳಾಕ ಎಷ್ಟ ವರ್ಷಾ ಕಾದಿದ್ದೆ ತಂಗಿ. ಕೇಳಿದ ಕೂಡಲೆ ಅರ್ಧಾ ನೋವ ಹೋಗತೈತಿ ಅಂದಕೊಂಡಿದ್ದೆ" ಎಂದರು. ಬಾಗಿಲು ತೆಗೆಯುತ್ತ, "ಹೋಗಲಿಲ್ಲ" ಎಂದರು.

ಮುದುಕಿ ಮಳೆಗಾಲ ಕಳೆಯುವ ಮೊದಲೇ ತೀರಿಕೊಂಡರು. ಅಕ್ಕೋರು ಮತ್ತೆ ಶಾಲೆಗೆ ಬಂದರು, ಮತ್ತೆ ಎಲ್ಲವನ್ನೂ ಶುರು ಮಾಡಿದರು. ಕೊಳ ಅಷ್ಟರಲ್ಲಿ ಸೋರುತ್ತದೆ ಎಂದು ಖಾಲಿ ಮಾಡಿದ್ದರು, ಮತ್ತೆ ತುಂಬಲಿಲ್ಲ. ಬಚ್ಚಲಲ್ಲಿ ಕೂತು ಮೈಮೇಲೆ ಬಿಸಿನೀರು ಹಾಕಿಕೊಂಡರು. ಅದೇ ಗುಳಿಗೆ, ಅದೇ ನಡಿಗೆ, ಅದೇ ಹುಡುಗಿ. ಈ ಸಲ ಯಾವುದೂ ಹಿಡಿಯಲಿಲ್ಲ. ಗುಳಿಗೆಯ ಪ್ರಮಾಣ ಹೆಚ್ಚಿಸಿದರೆ ತಲೆ ಮಂಕು, ಕಡಿಮೆ ಮಾಡಿದರೆ ನಿದ್ದೆಯಿಲ್ಲ. ನಡೆದರೆ ಹಾಸಿಗೆ ಹಿಡಿಯುವರು, ನಡೆಯದಿದ್ದರೆ ಕೀಲು ಬಿಗಿಯುವವು. ವಯಸ್ಸಾದ ಆ ಡಾಕ್ಟರು ಮಗನ ಊರಿಗೆ ಹೋಗಿಬಿಟ್ಟಿದ್ದರು. ಹೊಸಬರು ಮೊದಲಿನಿಂದ ಎಲ್ಲ ಪರೀಕ್ಷೆ ಮಾಡಿಸಿದರು. ಎಲ್ಲವೂ ನಾರ್ಮಲ್ ಬಂತು.

ನೋವಿಗಿಂತ ಅವರನ್ನು ಹೆದರಿಸಿದ್ದು ಮಂಕು. ಮಾತಿನ ನಡುವೆ ಪದ ಸಿಗುತ್ತಿರಲಿಲ್ಲ. ಡಸ್ಟರ್ ಕೊಡು ಎನ್ನಲು ಹೋಗಿ ಕೈ ಮುಂದೆ ಹಿಡಿದು ನಿಂತುಬಿಡುವರು. "ನೋವು ಮೈಗೆ ಆಗತೈತಿ. ಇದು ನನಗ ಆಗತೈತಿ" ಎಂದಿದ್ದರು ಒಮ್ಮೆ.

ನೌಕರಿ ಬಿಡುವ ಮಾತು ಅವರ ಬಾಯಿಗೆ ಬಂದದ್ದು ಒಂದು ಸಣ್ಣ ಘಟನೆಯಿಂದ. ಹತ್ತನೇ ತರಗತಿಯಲ್ಲಿ ಒಂದು ಸಮೀಕರಣ ಬಿಡಿಸುತ್ತಿದ್ದರು. ಒಂದು ಪದವನ್ನು ಆಚೆ ಬದಿಗೆ ಒಯ್ಯುವಾಗ ಚಿಹ್ನೆ ಬದಲಿಸುವುದನ್ನು ಮರೆತರು. ಇಡೀ ಲೆಕ್ಕ ತಪ್ಪಾಯಿತು. ಮಕ್ಕಳು ಅದನ್ನೇ ಬರೆದುಕೊಂಡರು. ಗಂಟೆ ಹೊಡೆಯಿತು. ಅಕ್ಕೋರು ಹೊರಗೆ ಬಂದು ಪಡಸಾಲೆಯ ತುದಿಗೆ ಹೋದ ಮೇಲೆ ಚಸ್ಮಾ ಮೇಜಿನ ಮೇಲೆ ಉಳಿದದ್ದು ನೆನಪಾಗಿ ತಿರುಗಿ ಹೋದರು. ಬಾಗಿಲ ಹತ್ತಿರ ಬಂದಾಗ ಒಳಗೆ ಮಾನಿಟರ್ ಹುಡುಗಿ ಬೋರ್ಡ್ ಒರೆಸಿ, ಅದೇ ಲೆಕ್ಕವನ್ನು ಸರಿಯಾಗಿ ಬರೆಯುತ್ತಿದ್ದಳು.

"ಲಗೂ ಲಗೂ ತಿದ್ದಕೊಳ್ರಿ" ಎನ್ನುತ್ತಿದ್ದಳು. "ಅಕ್ಕೋರಿಗೆ ಯಾರೂ ಹೇಳಬ್ಯಾಡ್ರಿ. ಪಾಪ, ಗೊತ್ತಾದ್ರ ಕೆಟ್ಟ ಅನಸ್ತೈತಿ ಅವರಿಗೆ."

ಅಕ್ಕೋರು ಚಸ್ಮಾ ತೆಗೆದುಕೊಳ್ಳದೆ ಬಂದರು. ಸಂಜೆ ರೈಲಿನಲ್ಲಿ ಖಾನಾಪುರ ದಾಟಿದ ಮೇಲೆ ಎಂದಿನಂತೆ ಎದ್ದು ನಿಂತರು. ಆಮೇಲೆ ಎಲ್ಲವನ್ನೂ ಹೇಳಿದರು.

"ಆಕಿ ಒರಸೂದು ನೋಡಿದೆ ತಂಗಿ. ಗಡಿಬಿಡಿ ಇರಲಿಲ್ಲ. ಉಳದವರೂ ಪುಸ್ತಕಾ ತಗದ ಕಾಯಕೋತ ಕುಂತಿದ್ರು. ಇದ ಮೊದಲ ಸಲ ಅಲ್ಲ ಅಂತ ಗೊತ್ತಾತು."

"ಮಕ್ಕಳಿಗೆ ನಿಮ್ಮ ಮ್ಯಾಲ ಭಾಳ ಪ್ರೀತಿ ಐತ್ರಿ ಅಕ್ಕೋರ."

"ಹೌದು. ಅದಕ್ಕ ನಾ ಹೋಗಬೇಕು. ತಪ್ಪ ಅಂತ ಎದ್ದ ನಿಂತ ಹೇಳಿದ್ರ ನಾ ಇನ್ನೂ ಮಾಸ್ತರಕಿ ಮಾಡತಿದ್ದೆ. ಮರುಗಾಕ ಹತ್ಯಾರ. ಮರುಗೂ ಮಕ್ಕಳಿಗೆ ಗಣಿತ ಹ್ಯಾಂಗ ಕಲಸೂದು?"

ನಾನು ಬೇಡ ಎಂದೆ. ಒಂದು ವರ್ಷ ರಜೆ ಹಾಕಿ ನೋಡಿ ಎಂದೆ. ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ತೋರಿಸೋಣ ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತ ಎಲ್ಲದಕ್ಕೂ "ಹೂಂ" ಎಂದರು. ಮರುದಿನ ಅರ್ಜಿ ತಂದು ಕೊಟ್ಟರು.

ಈಗ ಬೋರ್ಡಿನ ಮುಂದೆ ಬೇರೆಯವರು ನಿಲ್ಲುತ್ತಾರೆ. ಬಿರುಸಿನ ಹುಡುಗ, ಮೇಲಿನಿಂದ ಕೆಳಗಿನವರೆಗೆ ತುಂಬ ಬರೆಯುತ್ತಾನೆ. ಒಳ್ಳೆಯ ಮಾಸ್ತರ. ಮಕ್ಕಳು ಅಕ್ಕೋರ ಹೆಸರು ಎತ್ತುವುದು ಕಡಿಮೆಯಾಗಿದೆ. ಆ ಮಾನಿಟರ್ ಹುಡುಗಿ ಕಾಲೇಜಿಗೆ ಹೋದಳು.

ಮೊನ್ನೆ ದೀಪಾವಳಿ ಕಳೆದ ಮೇಲೆ ಖಾಸಬಾಗಕ್ಕೆ ಹೋಗಿದ್ದೆ. ಅವರ ಯಜಮಾನರು ಬಾಗಿಲು ತೆಗೆದರು. ಮಧ್ಯಾಹ್ನ ಅಂಗಡಿ ಮುಚ್ಚಿ ಬರುತ್ತಾರಂತೆ ಈಗ. "ಬರ್ರಿ ಟೀಚರ್" ಎಂದು ಮೆಲುದನಿಯಲ್ಲಿ ಕರೆದು, ಒಳಗೆ ಹೋಗಿ ಚಹಾ ಮಾಡಿದರು. ಪಾತ್ರೆಯ ಸಪ್ಪಳವಾಗದಂತೆ ಪ್ರತಿಯೊಂದನ್ನೂ ಬಟ್ಟೆಯ ಮೇಲೆ ಇಡುತ್ತಿದ್ದರು. ಸಪ್ಪಳವೂ ಆಕೆಗೆ ನೋವು ಕೊಡುತ್ತದೆ ಎಂದರು. ಇಪ್ಪತ್ತೈದು ವರ್ಷ ಗಿರಾಕಿಗಳನ್ನು ಕೂಗಿ ಕರೆದ ಮನುಷ್ಯ. ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಏನರ ಒಂದ ಒಳ್ಳೇದ ಹೇಳ್ರಿ ಆಕಿಗೆ. ನನ್ನ ಮಾತೆಲ್ಲಾ ಹಳೇವು ಆಗ್ಯಾವ" ಎಂದರು.

ಅಕ್ಕೋರು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿದ್ದರು. ಎದ್ದು ಕೂರಲು ನೋಡಿದರು, ನಾನು ಬೇಡ ಎಂದೆ. ಶಾಲೆಯ ಸುದ್ದಿ ಹೇಳಿದೆ. ಸ್ವಲ್ಪ ಕೇಳಿದರು, ಸ್ವಲ್ಪ ಕೇಳಲಿಲ್ಲ. ಆಮೇಲೆ ತಾವೇ ಹೇಳಿದರು. ಹುಬ್ಬಳ್ಳಿಯಿಂದ ಒಬ್ಬ ಡಾಕ್ಟರು ತಿಂಗಳಿಗೊಮ್ಮೆ ಬರುತ್ತಾರೆ. ಬೇರೆ ಗುಳಿಗೆ, ಬೇರೆ ಥರದ ವ್ಯಾಯಾಮ, ಮಲಗಿದಲ್ಲೇ ಉಸಿರಾಟ, ಮತ್ತೆ ಮಾತಿನ ಚಿಕಿತ್ಸೆ. ಎಲ್ಲವನ್ನೂ ಮೊದಲಿನಿಂದ ಕೂಡಿಸಿ ಶುರು ಮಾಡೋಣ ಎನ್ನುತ್ತಾರೆ.

"ಮಾಡ್ರಿ ಅಕ್ಕೋರ" ಎಂದೆ.

"ಮೊದಲ ಸಲ ಮಾಡಿದಾಗ ನಂಬಿಕಿ ಇತ್ತು. ಅದೂ ಒಂದ ಔಷಧ ಆಗಿತ್ತೋ ಏನೋ. ಉಳದದ್ದೆಲ್ಲಾ ಅಂಗಡ್ಯಾಗ ಸಿಗತೈತಿ. ಅದನ್ನ ಎಲ್ಲಿಂದ ತರೂದು?" ಮುಖವನ್ನು ನನ್ನ ಕಡೆ ತಿರುಗಿಸಿದರು. ಅಷ್ಟಕ್ಕೇ ಹಣೆ ಬಿಗಿಯಿತು. "ನೀ ಹೇಳು. ಈ ಸಲ ಆಗತೈತಿ ಅಂತೀ ಏನು?"

"ಆಗತೈತ್ರಿ. ಖರೇನ ಆಗತೈತಿ."

ಅವರು ನನ್ನನ್ನೇ ನೋಡಿದರು. ಬಾಜುದವನ ಹಾಳೆಯಿಂದ ಉತ್ತರ ಎತ್ತಿದ ಹುಡುಗನನ್ನು ನೋಡುವ ಹಾಗೆ, ಸಿಟ್ಟಿಲ್ಲದೆ.

"ಉತ್ತರ ಬರದಿ. ಹ್ಯಾಂಗ ಬಂತು, ತೋರಸು."

ಅವರು ಕಾದರು. ಕಾಯುವುದರಲ್ಲಿ ಅವರಷ್ಟು ಸಮಾಧಾನದ ಮಾಸ್ತರರನ್ನು ನಾನು ಕಂಡಿಲ್ಲ. ಆಮೇಲೆ ಬಹಳ ಮೆಲ್ಲಗೆ, ಒಂದೊಂದೇ ಅಂಗವನ್ನು ಸರಿಸುತ್ತ, ಗೋಡೆಯ ಕಡೆ ಹೊರಳಿದರು.

"ಹೋಗವಾ, ಗಾಡಿಗೆ ಹೊತ್ತಾತು."